ಕರಾವಳಿಯ ಮುರಕಲ್ಲು ಪಾಗಾರ ಮತ್ತು ಉಣುಗೋಲು ಕಂಬಗಳ ಕಾಲನಿರ್ಣಯ: ಒಂದು ಟಿಪ್ಪಣಿ

1. ವ್ಯಾಪ್ತಿ ಮತ್ತು ಪ್ರಶ್ನೆ

ದಕ್ಷಿಣ ಕನ್ನಡ, ಅದರಿಂದ 1997ರಲ್ಲಿ ಬೇರ್ಪಟ್ಟ ಉಡುಪಿ, ಹಾಗೂ ಉತ್ತರ ಕನ್ನಡದ ಘಟ್ಟದ ಕೆಳಗಿನ ತಾಲೂಕುಗಳ ಹಳ್ಳಿಮನೆಗಳು ಇಲ್ಲಿನ ವ್ಯಾಪ್ತಿ. ಆ ಮನೆಗಳ ಅಂಗಳ, ಹಿತ್ತಿಲು, ತೋಟಗಳನ್ನು ಸುತ್ತುವರಿದ ಮುರಕಲ್ಲಿನ ಗೋಡೆ ಮತ್ತು ಅದರ ಪ್ರವೇಶದಲ್ಲಿ ನೆಟ್ಟ ಅಥವಾ ಕಟ್ಟಿದ ಕಂಬಗಳು ವಿಷಯ. ಗುತ್ತು, ಬೀಡುಗಳ ಮಾಡು ಇಳಿಸಿದ ಹೆಬ್ಬಾಗಿಲುಗಳನ್ನು ಬಿಟ್ಟಿದೆ. ಅವು ಕಟ್ಟಡಗಳೇ, ಅವುಗಳ ಮರಗೆಲಸದಿಂದ ಸಿಗುವ ಸಾಕ್ಷ್ಯ ಬೇರೆ ಬಗೆಯದು. ಕಾಸರಗೋಡಿನ ಕಟ್ಟಡಪದ್ಧತಿ ಇದಕ್ಕೆ ಹೊಂದಿಕೊಂಡೇ ಇದ್ದರೂ 1956ರ ನವೆಂಬರ್ 1ರ ನಂತರದ ದಾಖಲೆಗಳು ಕೇರಳದ ಆಡಳಿತಕ್ಕೆ ಸೇರುವುದರಿಂದ ಅದನ್ನೂ ಹೊರಗಿಟ್ಟಿದೆ.

ಪ್ರಶ್ನೆ ಚಿಕ್ಕದು. ಪ್ರವೇಶದ ಕಂಬದಲ್ಲಿ ಕಂಡ ಇಸವಿಯನ್ನು ಇಡೀ ಆವರಣಕ್ಕೆ ಅನ್ವಯಿಸುವ ರೂಢಿ ಮನೆತನದ ಚರಿತ್ರೆಗಳಲ್ಲೂ ಸ್ಥಳೀಯ ಇತಿಹಾಸದ ಬರಹಗಳಲ್ಲೂ ಇದೆ. ಇದು ಎಷ್ಟರಮಟ್ಟಿಗೆ ಒಪ್ಪತಕ್ಕದ್ದು? ಗೋಡೆ, ಕಂಬ, ಅಡ್ಡಗೋಲು ಅಥವಾ ಗೇಟು, ಗೋಡೆಯ ನೆತ್ತಿಯ ಹೊದಿಕೆ ಇವು ನಾಲ್ಕೂ ಬೇರೆ ಬೇರೆ ಕಾಲದವು ಎಂದು ಹಿಡಿದೇ ಆರಂಭಿಸುವುದು ಕ್ಷೇಮವೆಂದು ತೋರುತ್ತದೆ. ಒಂದರ ಕಾಲವನ್ನು ಇನ್ನೊಂದಕ್ಕೆ ಹೇಳಬೇಕಾದರೆ ಎರಡೂ ಒಟ್ಟಿಗೆ ಕಟ್ಟಲ್ಪಟ್ಟವು ಎಂಬುದಕ್ಕೆ ಕಲ್ಲಿನಲ್ಲೇ ಆಧಾರ ಬೇಕು.

2. ಹೆಸರುಗಳು

ಕಲ್ಲಿಗೆ ದಕ್ಷಿಣದಲ್ಲಿ ಮುರಕಲ್ಲು, ಕೆಂಪುಕಲ್ಲು. ಹೊನ್ನಾವರ, ಕುಮಟಾ ಕಡೆ ಚಿರೇಕಲ್ಲು. ಘಟ್ಟದ ಮೇಲೆ ಜಂಬಿಟ್ಟಿಗೆ. ಗೋಡೆಗೆ ಪಾಗಾರ ಎಂಬುದು ಕರಾವಳಿಯುದ್ದಕ್ಕೂ ಬಳಕೆಯಲ್ಲಿದೆ. ಆದರೆ ಪಾಗಾರವೆಂದರೆ ಕಲ್ಲಿನದೇ ಆಗಬೇಕಿಲ್ಲ, ಮಣ್ಣಿನದೂ ಪಾಗಾರವೇ. ದಾಖಲೆ ಓದುವಾಗ ಇದು ತೊಡಕಾಗುತ್ತದೆ (ವಿಭಾಗ 8). ಪ್ರವೇಶದ ಅಡ್ಡಗೋಲುಗಳ ವ್ಯವಸ್ಥೆಗೆ ಉಣುಗೋಲು, ಉತ್ತರ ಕನ್ನಡದಲ್ಲಿ ದಣಪೆ. ಜನ ಹತ್ತಿ ದಾಟಿ, ದನ ದಾಟದಂತೆ ಮಾಡಿದ ಮೆಟ್ಟಿಲಿಗೆ ತಡಮೆ. ಈ ಹೆಸರುಗಳ ಎಲ್ಲೆ ಊರಿಂದೂರಿಗೆ ಜರುಗುತ್ತದೆ. ಕೆಲವೆಡೆ ಉಣುಗೋಲಿಗೂ ತಡಮೆ ಎನ್ನುವುದುಂಟು. ಈ ಟಿಪ್ಪಣಿಯಲ್ಲಿ ತೂತಿನಲ್ಲಿ ಗಳ ಸರಿಸುವ ವ್ಯವಸ್ಥೆಗೆ ಮಾತ್ರ ಉಣುಗೋಲು ಎಂಬ ಹೆಸರನ್ನು ಬಳಸಿದೆ.

3. ಲಿಖಿತ ಆಧಾರಗಳ ಸ್ಥಿತಿ

3.1 ಮುರಕಲ್ಲು ತೆಗೆಯುವ ಕ್ರಮದ ಬಗ್ಗೆ ಹೆಚ್ಚು ಉಲ್ಲೇಖಗೊಳ್ಳುವ ವಿವರ ಫ್ರಾನ್ಸಿಸ್ ಬುಕನನ್‌ನದು. ಪ್ರವಾಸ 1800–01ರದು, ಪ್ರಕಟಣೆ 1807ರದು, ಲಂಡನ್ನಿನಲ್ಲಿ, ಮೂರು ಸಂಪುಟಗಳಲ್ಲಿ. ಗಾಳಿಗೆ ತೆರೆದುಕೊಳ್ಳುವ ಮೊದಲು ಕಲ್ಲು ಮೆತ್ತಗಿರುತ್ತದೆ, ಗುದ್ದಲಿಯಿಂದ ಚೌಕವಾಗಿ ಅಗೆದು ಕರಣೆ ಅಥವಾ ದೊಡ್ಡ ಕತ್ತಿಯಿಂದ ಬೇಕಾದ ಆಕಾರಕ್ಕೆ ಸವರುತ್ತಾರೆ, ಆಮೇಲೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ ಎಂಬುದು ಅದರ ಸಾರ. ಇದನ್ನು ಕರಾವಳಿ ಕರ್ನಾಟಕದ ಬರಹಗಳಲ್ಲಿ ನೇರವಾಗಿ ಬಳಸುವುದುಂಟು. ಆದರೆ ಆ ವಿವರ ಮಲಬಾರಿನ ಅಂಗಾಡಿಪ್ಪುರದ್ದು, 1800ರ ಡಿಸೆಂಬರಿನದು. ಬುಕನನ್ ಕೆನರಾ ಪ್ರವೇಶಿಸಿದ್ದು ಮುಂದಿನ ವರ್ಷದ ಆರಂಭದಲ್ಲಿ. ಕಲ್ಲಿನ ಗುಣ ಎರಡೂ ಕಡೆ ಒಂದೇ ಆದ್ದರಿಂದ ಕ್ರಮವೂ ಒಂದೇ ಇದ್ದಿರಬಹುದು. ಅದು ಊಹೆ, ಆತನ ಸಾಕ್ಷ್ಯವಲ್ಲ. ಉಲ್ಲೇಖಿಸುವಾಗ ಸ್ಥಳ ಹೇಳುವುದು ಉಚಿತ.

3.2 ಹತ್ತೊಂಬತ್ತನೆಯ ಶತಮಾನದ ಆಡಳಿತ ಗ್ರಂಥಗಳು ಎರಡು ಪ್ರಾಂತಗಳಿಗೆ ಹಂಚಿಹೋಗಿವೆ. ಕೆನರಾ ಜಿಲ್ಲೆಯ ವಿಭಜನೆಯನ್ನು ಕೆಲವು ಬರಹಗಳು 1859ಕ್ಕೆ, ಕೆಲವು 1860ಕ್ಕೆ ಇಡುತ್ತವೆ. ಉತ್ತರ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿದ್ದು 1862ರಲ್ಲಿ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಕುಂದಾಪುರ ಆಗ ಮದರಾಸಿನಲ್ಲೇ ಉಳಿಯಿತು. ಪರಿಣಾಮವಾಗಿ ಕ್ಯಾಂಪ್‌ಬೆಲ್ ಸಂಪಾದಿಸಿದ ಮುಂಬಯಿ ಗೆಜೆಟಿಯರಿನ ಹದಿನೈದನೆಯ ಸಂಪುಟ (1883) ಉತ್ತರಕ್ಕೆ, ಸ್ಟರಾಕ್‌ನ ದಕ್ಷಿಣ ಕೆನರಾ ಕೈಪಿಡಿ (1894) ಮತ್ತು ಸ್ಟುವರ್ಟ್‌ನ ಅದರ ಎರಡನೆಯ ಭಾಗ (1895) ದಕ್ಷಿಣಕ್ಕೆ. ಎರಡರ ನಡುವೆ ಹನ್ನೊಂದು ವರ್ಷಗಳ ಅಂತರವಿದೆ. ವಿವರಣೆಯ ಮಾದರಿಯೂ ಬೇರೆ. ಮುಂಬಯಿ ಸಂಪುಟ ಜಾತಿವಾರು ವರ್ಣನೆಯಲ್ಲಿ ಮನೆಯ ಗೋಡೆ ಮಣ್ಣಿನದೋ ಕಲ್ಲಿನದೋ, ಹೊದಿಕೆ ಹುಲ್ಲೋ ಹಂಚೋ ಎಂದು ಹೇಳುತ್ತದೆ. ಮನೆಗೋಡೆಗೆ ಹೇಳಿದ್ದನ್ನು ಆವರಣಗೋಡೆಗೆ ಹೊರಿಸಬಾರದು. ಮಣ್ಣಿನ ಮನೆಗೆ ಕಲ್ಲಿನ ಪಾಗಾರ, ಮುರಕಲ್ಲಿನ ಮನೆಗೆ ಮಣ್ಣಿನ ಪಾಗಾರ ಎರಡೂ ಸಂಭವನೀಯ.

3.3 ಮುರಕಲ್ಲಿನ ದೊಡ್ಡ ಕಟ್ಟೋಣಗಳ ಪ್ರಾಚೀನತೆಯನ್ನು ಹಳ್ಳಿಮನೆಗಳ ಪಾಗಾರಕ್ಕೆ ಆಧಾರವಾಗಿ ತರುವುದೂ ಉಂಟು. ಕುಮಟಾ ತಾಲೂಕಿನ ಮಿರ್ಜಾನ್ ಕೋಟೆಯ ಉದಾಹರಣೆ ಸಾಮಾನ್ಯ. ಅದನ್ನು ಗೇರುಸೊಪ್ಪೆಯ ಚೆನ್ನಭೈರಾದೇವಿಗೆ ಸಲ್ಲಿಸಿದರೆ ಹದಿನಾರನೆಯ ಶತಮಾನ, ಬಿಜಾಪುರದ ಅಧಿಕಾರಿ ಶರೀಫ್-ಉಲ್-ಮುಲ್ಕ್‌ಗೆ ಸಲ್ಲಿಸಿದರೆ ಹದಿನೇಳನೆಯ ಶತಮಾನದ ಮೊದಲ ಅರ್ಧ. ಯಾವುದೇ ಆದರೂ ಅರಸೊತ್ತಿಗೆಯ ಕೆಲಸ. ರೈತಮನೆಯ ಆವರಣದ ಬಗ್ಗೆ ಅದು ಏನನ್ನೂ ಹೇಳದು. ಕಾರ್ಕಳದ ಗೊಮ್ಮಟ (1432) ಮತ್ತು ಅದರ ಸುತ್ತಲಿನ ಮುರಕಲ್ಲಿನ ಪೌಳಿಯ ವಿಷಯದಲ್ಲೂ ಪ್ರತಿಷ್ಠೆಯ ಶಾಸನ ಮೂರ್ತಿಯ ಕಾಲವನ್ನು ಹೇಳುತ್ತದೆ. ಪೌಳಿಯ ಕಾಲ ಅದರಿಂದ ತಾನಾಗಿ ಸಿದ್ಧವಾಗುವುದಿಲ್ಲ. ಶಾಸನವಿರುವ ಕಡೆಯೇ ಇಷ್ಟು ಎಚ್ಚರ ಬೇಕಾದರೆ ಗಾರೆಯಲ್ಲಿ ಬರೆದ ನಾಲ್ಕು ಅಂಕಿಗಳ ವಿಷಯದಲ್ಲಿ ಇನ್ನೂ ಹೆಚ್ಚು ಬೇಕು.

4. ಗೋಡೆ

4.1 ಉಪಕರಣದ ಗುರುತು. ಕೈಯಿಂದ ಕಡಿದ ಮುರಕಲ್ಲಿನ ಮುಖದಲ್ಲಿ ಕೊಡಲಿಯ ಓರೆ ಗೆರೆಗಳು ಸಾಮಾನ್ಯವಾಗಿ ಸಮಾಂತರವಾಗಿ, ಆದರೆ ಅಸಮ ಅಂತರದಲ್ಲಿ ಇರುತ್ತವೆ. ಅಂಚು ಪೂರ್ಣ ಲಂಬವಲ್ಲ, ಒಂದೇ ವರಸೆಯಲ್ಲೂ ಕಲ್ಲಿನ ಎತ್ತರ ತುಸು ಬದಲಾಗುತ್ತದೆ. ಯಂತ್ರದಲ್ಲಿ ಕೊಯ್ದ ಕಲ್ಲಿನಲ್ಲಿ ಚಕ್ರಗರಗಸದ ಕಮಾನುಗೆರೆ, ಚೂಪಾದ ಅಂಚು. ಯಂತ್ರದ ಬಳಕೆ ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಹರಡಿತು. ಆದ್ದರಿಂದ ಗರಗಸದ ಗುರುತು ಇರುವ ಭಾಗ ಇತ್ತೀಚಿನದೆಂದು ಬಹುಮಟ್ಟಿಗೆ ಹೇಳಬಹುದು. ಇದರ ವಿಲೋಮ ನಿಲ್ಲದು. ಕೊಡಲಿಯ ಗುರುತು ಕಲ್ಲಿನ ವಯಸ್ಸನ್ನು ಸೂಚಿಸುತ್ತದೆ, ಗೋಡೆಯದನ್ನಲ್ಲ. ಹಳೆಯ ಮನೆ ಕೆಡವಿದಾಗ ಅದರ ಕಲ್ಲು ಪಾಗಾರಕ್ಕೆ ಹೋಗುವುದು ಕರಾವಳಿಯಲ್ಲಿ ಅಪರೂಪವಲ್ಲ. ಮರುಬಳಕೆಯ ಚಿಹ್ನೆಗಳು: ಈಗ ಸಂದಿನೊಳಗೆ ಅಡಗಿದ ಮುಖದಲ್ಲಿ ಸುಣ್ಣದ ಸಾರಣೆಯ ಉಳಿಕೆ, ಅರ್ಥವಿಲ್ಲದ ಜಾಗದಲ್ಲಿ ತೊಲೆ ಕೂರಿಸಿದ ಕುಳಿ, ಒಂದೇ ಗೋಡೆಯಲ್ಲಿ ಎರಡು ಮೂರು ಅಳತೆಯ ಕಲ್ಲುಗಳ ಬೆರಕೆ.

4.2 ಕಲ್ಲಿನ ಅಳತೆ. ಮುರಕಲ್ಲಿನ ಕುರಿತ ಭಾರತೀಯ ಮಾನದಂಡ ಐಎಸ್ 3620ರ ಪರಿಷ್ಕೃತ ಆವೃತ್ತಿ ಪ್ರಕಟವಾದದ್ದು 1979ರಲ್ಲಿ. ಅದರಲ್ಲಿ ನಮೂದಾದ ಅಳತೆಗಳಲ್ಲಿ 390×190×190 ಮಿ.ಮೀ. ಒಂದು. ಈ ಅಳತೆಗೆ ಸಮೀಪದ ಕಲ್ಲನ್ನು ಕಂಡೊಡನೆ 1979ರ ನಂತರದ್ದೆಂದು ತೀರ್ಮಾನಿಸುವುದು ಅವಸರವಾದೀತು. ಮಾನದಂಡ ಚಾಲ್ತಿಯಲ್ಲಿದ್ದ ಅಳತೆಯನ್ನೇ ಕ್ರಮಬದ್ಧಗೊಳಿಸಿರುವ ಸಾಧ್ಯತೆ ಇದ್ದೇ ಇದೆ. ಕೈಯಿಂದ ಕಡಿದ ಕಲ್ಲೂ ಅದರ ಹತ್ತಿರ ಬರಬಹುದು. ಕೋರೆಯ ಪದರವೂ ಲೆಕ್ಕಕ್ಕೆ ಬರುತ್ತದೆ: ಪದವಿನ ಮೇಲ್ಪದರದ ಕಲ್ಲು ಗಟ್ಟಿ, ಕಪ್ಪಿಡುವಂಥದು, ಕೆಳಗೆ ಶೇಡಿಮಣ್ಣಿಗೆ ಹತ್ತಿರವಾದಷ್ಟೂ ಮೃದು, ಬೇಗ ಸವೆಯುವಂಥದು. ಒಂದೇ ವರ್ಷ ಕಟ್ಟಿದ ಎರಡು ಗೋಡೆಗಳು ಕಲ್ಲಿನ ಪದರ ಬೇರೆಯಾದ ಮಾತ್ರಕ್ಕೆ ನೂರು ವರ್ಷ ಅಂತರದವೆಂಬಂತೆ ಕಾಣಬಹುದು. ಸವೆತ, ಪಾಚಿ, ಕಲ್ಲುಹೂವುಗಳಿಂದ ಕಾಲ ಹೇಳುವುದನ್ನು ಈ ಕಾರಣಕ್ಕೇ ಇಲ್ಲಿ ಕೈಬಿಟ್ಟಿದೆ. ವರ್ಷಕ್ಕೆ 3500 ಮಿ.ಮೀ. ದಾಟುವ ಮಳೆಯಲ್ಲಿ ಹಾವಸೆ ಹತ್ತಲು ದಶಕಗಳು ಬೇಕಿಲ್ಲ.

4.3 ಗಾರೆ. ಮಣ್ಣು, ಚಿಪ್ಪಿನ ಸುಣ್ಣ, ಸಿಮೆಂಟು ಎಂಬ ಮೂರು ಬಗೆ. ಇವನ್ನು ಕ್ರಮಾನುಗತ ಕಾಲಘಟ್ಟಗಳೆಂದು ಓದುವುದು ಆಕರ್ಷಕ, ಆದರೆ ಮಣ್ಣಿನ ಗಾರೆ ಎಲ್ಲ ಕಾಲದಲ್ಲೂ ಬಳಕೆಯಲ್ಲಿತ್ತು. ಅದು ಬಡತನವನ್ನೋ ಮಿತವ್ಯಯವನ್ನೋ ಸೂಚಿಸೀತು, ಕಾಲವನ್ನಲ್ಲ. ಸಿಮೆಂಟು ಮಾತ್ರ ಒಂದು ಪೂರ್ವಮಿತಿ, ಅಂದರೆ ಅದಕ್ಕೂ ಹಿಂದಿನದಾಗಲಾರದೆಂಬ ಎಲ್ಲೆ, ಕೊಡುತ್ತದೆ. ಭಾರತದಲ್ಲಿ ಅದರ ತಯಾರಿಕೆಯ ಆರಂಭವನ್ನು ಕೆಲವರು 1904ರ ಮದರಾಸಿಗೆ, ಕೆಲವರು 1914ರ ಪೋರಬಂದರಿಗೆ ಇಡುತ್ತಾರೆ. ಹಳ್ಳಿಯ ಪಾಗಾರಕ್ಕೆ ಈ ಹತ್ತು ವರ್ಷಗಳ ವ್ಯತ್ಯಾಸ ಮುಖ್ಯವಲ್ಲ. ಅಲ್ಲಿಗೆ ಸಿಮೆಂಟು ತಲಪಿದ್ದು ಬಹುಪಾಲು ಸ್ವಾತಂತ್ರ್ಯಾನಂತರ ಎಂದು ಎಣಿಸಲು ಅಡ್ಡಿಯಿಲ್ಲ. ಸಂದಿಗೆ ಹೊರಗಿನಿಂದ ತುಂಬಿದ ಸಿಮೆಂಟು ದುರಸ್ತಿಯ ಕಾಲ ಹೇಳುತ್ತದೆ. ಒಂದೆರಡು ಅಂಗುಲ ಒಳಗೆ ಮಣ್ಣೋ ಸುಣ್ಣವೋ ಇದೆಯೇ ಎಂದು ನೋಡದೆ ನಿರ್ಧರಿಸಬಾರದು.

ಚಿಪ್ಪಿನ ಸುಣ್ಣದ ಕಾರ್ಬನ್ ಕಾಲಮಾಪನದ ಸಲಹೆ ಆಗಾಗ ಕೇಳಿಬರುತ್ತದೆ. ತಾತ್ತ್ವಿಕವಾಗಿ ಗಟ್ಟಿಯಾಗುವಾಗ ಗಾರೆ ಗಾಳಿಯಿಂದ ಹೀರಿದ ಇಂಗಾಲ ಕಟ್ಟಿದ ಕಾಲವನ್ನು ತೋರಬೇಕು. ಆದರೆ ಸರಿಯಾಗಿ ಸುಡದ ಚಿಪ್ಪಿನ ಚೂರುಗಳು ಗಾರೆಯಲ್ಲಿ ಉಳಿದಿದ್ದರೆ ಅವುಗಳ ಇಂಗಾಲ ಸಮುದ್ರದ್ದು, ಅಳಿವೆಯದ್ದು. ಅದು ಗಾಳಿಯ ಇಂಗಾಲಕ್ಕಿಂತ ಹಳೆಯದಾಗಿ ತೋರುತ್ತದೆ. ಇನ್ನೂರು ವರ್ಷಗಳೊಳಗಿನ ಗೋಡೆಗಳ ಪ್ರಶ್ನೆಗೆ ಈ ವಿಧಾನ ಸದ್ಯಕ್ಕೆ ತಕ್ಕುದೆನ್ನಿಸುವುದಿಲ್ಲ.

4.4 ಸಂದು. ಕಾಲಾನುಕ್ರಮಕ್ಕೆ ಅತ್ಯಂತ ಭರವಸೆಯ ಆಧಾರ ಇದೇ. ಎರಡು ಗೋಡೆಗಳು ಸೇರುವಲ್ಲಿ ವರಸೆಗಳು ಒಂದಕ್ಕೊಂದು ಕಚ್ಚಿಕೊಂಡಿದ್ದರೆ ಎರಡೂ ಒಂದೇ ಕೆಲಸದವು. ಮೇಲಿನಿಂದ ಕೆಳಕ್ಕೆ ನೇರ ಸಂದು ಇದ್ದು, ಒಂದು ಗೋಡೆ ಇನ್ನೊಂದರ ಮುಖಕ್ಕೆ ಕೇವಲ ಒತ್ತಿಕೊಂಡಿದ್ದರೆ ಒತ್ತಿಕೊಂಡದ್ದು ನಂತರದ್ದು. ಎಷ್ಟು ನಂತರ ಎಂಬುದು ಸಂದಿನಿಂದ ತಿಳಿಯದು. ಮರುದಿನವೂ ಆಗಬಹುದು, ಮುಂದಿನ ತಲೆಮಾರೂ ಆಗಬಹುದು. ಮೊದಲ ಗೋಡೆಯ ಮುಖದ ಸಾರಣೆ ಸಂದಿನೊಳಗೆ ಮುಂದುವರಿದಿದ್ದರೆ ಮಾತ್ರ ನಡುವೆ ಸಾಕಷ್ಟು ಕಾಲ ಕಳೆದಿತ್ತು ಎನ್ನಬಹುದು.

5. ಉಣುಗೋಲು ಕಂಬಗಳು

ಈ ಕಂಬಗಳು ಗೋಡೆಗಿಂತ ಹೆಚ್ಚು ಮಾಹಿತಿ ಕೊಡುವುದರಿಂದ ಇಲ್ಲಿ ತುಸು ವಿವರವಾಗಿ ನೋಡಬೇಕಾಗಿದೆ.

5.1 ರಚನೆ. ಸಾಮಾನ್ಯ ರೂಪದಲ್ಲಿ ಇವು ಮುರಕಲ್ಲಿನವಲ್ಲ, ಶಿಲೆಕಲ್ಲಿನ ಒಂಟಿ ಕಂಬಗಳು. ಕಾರಣ ಸರಳ: ಮುರಕಲ್ಲಿನ ತೂತಿನ ಅಂಚು ಗಳದ ಉಜ್ಜಾಟವನ್ನು ತಡೆಯದು. ಜೋಡಿಯಲ್ಲಿ ಒಂದು ಕಂಬಕ್ಕೆ ಆರಪಾರ ತೂತು. ಇನ್ನೊಂದಕ್ಕೆ ಅದೇ ಎತ್ತರದಲ್ಲಿ ಅರ್ಧ ಆಳದ ಕುಳಿ. ಗಳವನ್ನು ಮೊದಲು ತೂತಿನಲ್ಲಿ ಆಚೆಗೆ ತಳ್ಳಿ, ಆಮೇಲೆ ಈಚೆಗೆ ಸರಿಸಿ ಕುಳಿಯಲ್ಲಿ ಕೂರಿಸುತ್ತಾರೆ. ಎರಡೂ ಕಂಬಗಳಿಗೆ ಆರಪಾರ ತೂತು ಇರುವ ರೂಪವೂ, ಕುಳಿಯ ಬದಲು ಮೇಲಿನಿಂದ ಗಳ ಇಳಿಬಿಡುವ ಬಾಗಿದ ಸೀಳು ಇರುವ ರೂಪವೂ ಇವೆ. ಇವುಗಳಲ್ಲಿ ಯಾವುದು ಹಿಂದಿನದು ಎಂಬ ಪ್ರಶ್ನೆಗೆ ಕಾಲಕ್ರಮದ ಉತ್ತರ ಸಾಧ್ಯವೆಂದು ತೋರುವುದಿಲ್ಲ. ವ್ಯತ್ಯಾಸ ಕಲ್ಲುಕುಟಿಗರ ರೂಢಿಯಿಂದ ಬಂದಿರುವ ಸಂಭವ ಹೆಚ್ಚು. ಮರದ ಕಂಬಗಳಲ್ಲಿ ಇದೇ ವ್ಯವಸ್ಥೆ ಇತ್ತು, ಈಗಲೂ ಇದೆ. ಕಲ್ಲಿನವು ಉಳಿದುಕೊಂಡಿವೆ ಎಂದ ಮಾತ್ರಕ್ಕೆ ಕಲ್ಲಿನವೇ ಸಾಮಾನ್ಯವಾಗಿದ್ದವು ಎನ್ನಲಾಗದು.

5.2 ಸವೆತ. ತೂತಿನ ಕೆಳತುಟಿ ನುಣುಪಾಗಿರುತ್ತದೆ. ಗಳವನ್ನು ಹಿಡಿದು ಎಳೆಯುವ ಬದಿಯಲ್ಲಿ ನುಣುಪು ಹೆಚ್ಚು ಅಗಲ. ಇದರಿಂದ ಎರಡು ವಿಷಯ ತಿಳಿಯಬಹುದು. ಒಂದು, ಜನ ಯಾವ ಬದಿ ನಿಂತು ಗಳ ಸರಿಸುತ್ತಿದ್ದರು. ಎರಡು, ಕಂಬ ಮೂಲಸ್ಥಾನದಲ್ಲಿದೆಯೇ. ಜೋಡಿಯ ಎರಡು ಕಂಬಗಳ ಸವೆತ ಪರಸ್ಪರ ಹೊಂದದಿದ್ದರೆ, ಅಥವಾ ತೂತುಗಳ ಎತ್ತರ ಸರಿಬೀಳದಿದ್ದರೆ, ಒಂದಾದರೂ ಬೇರೆಡೆಯಿಂದ ಬಂದದ್ದು ಅಥವಾ ತಿರುಗಿಸಿ ನೆಟ್ಟದ್ದು. ಸವೆತದ ಆಳವನ್ನು ವರ್ಷಗಳಿಗೆ ಪರಿವರ್ತಿಸುವ ಪ್ರಯತ್ನ ಮಾತ್ರ ಸಲ್ಲದು: ಬಿದಿರಿನ ಗಳ, ಅಡಿಕೆಮರದ ಗಳ, ಕಾಡುಮರದ ಗಳ ಸವೆಸುವ ಪ್ರಮಾಣ ಬೇರೆ; ದಿನಕ್ಕೆ ಎಷ್ಟು ಸಲ ದನ ಹಾದುಹೋಗುತ್ತಿತ್ತು ಎಂಬುದೂ ಬೇರೆ.

5.3 ಭೂಮಟ್ಟ. ಅತಿ ಕೆಳಗಿನ ತೂತು ಕರು ನುಸುಳದಂತೆ ತಡೆಯಲು. ಅದು ಈಗ ಅರ್ಧ ಹೂತುಹೋಗಿದ್ದರೆ ದಾರಿಯ ಅಥವಾ ಅಂಗಳದ ಮಟ್ಟ ಏರಿದೆ. ದಾರಿ ಪಂಚಾಯತಿನ ರಸ್ತೆಯಾಗಿ ಮಣ್ಣು ಹಾಕಿಸಿಕೊಂಡ ವರ್ಷ ಕಡತದಲ್ಲಿ ಸಿಕ್ಕರೆ ಕಂಬ ಅದಕ್ಕಿಂತ ಹಿಂದಿನದು ಎಂದು ನಿಸ್ಸಂಶಯವಾಗಿ ಹೇಳಬಹುದಾದ ವಿರಳ ಸಂದರ್ಭಗಳಲ್ಲಿ ಇದೊಂದು.

5.4 ಸೀಳಿದ ಗುರುತು. ಶಿಲೆಕಲ್ಲನ್ನು ಬೆಣೆ ಬಡಿದು ಸೀಳಿದ ಅಂಚಿನಲ್ಲಿ ಬೆಣೆಗುಳಿಗಳ ಸಾಲು ಉಳಿಯುತ್ತದೆ. ಚಾಣದಿಂದ ತೋಡಿದ ಅಗಲವಾದ, ಆಯತಾಕಾರದ ಗುಳಿ ಹಳೆಯ ಕ್ರಮ. ಕೊರೆದ ದುಂಡು ರಂಧ್ರದ ಅರ್ಧಭಾಗ ಉಳಿದಿದ್ದರೆ ಹೊಸ ಕ್ರಮ. ಅಮೆರಿಕದ ಈಶಾನ್ಯ ಭಾಗದ ಕಲ್ಲುಗೋಡೆಗಳ ಅಧ್ಯಯನದಲ್ಲಿ ಈ ಬದಲಾವಣೆಯನ್ನು ಸುಮಾರು 1830ಕ್ಕೆ ಇಡುತ್ತಾರೆ. ಆ ಇಸವಿಯನ್ನು ಇಲ್ಲಿಗೆ ತರಲು ಯಾವ ಆಧಾರವೂ ಇಲ್ಲ. ಇಲ್ಲಿ ಚಾಣದ ಗುಳಿ ಇಪ್ಪತ್ತನೆಯ ಶತಮಾನದಲ್ಲೂ ಬಹುಕಾಲ ಮುಂದುವರಿದಿತ್ತು. ಆದ್ದರಿಂದ ದುಂಡುರಂಧ್ರ ಪೂರ್ವಮಿತಿಯಾಗಬಹುದು, ಆಯತಗುಳಿ ಉತ್ತರಮಿತಿಯಾಗದು.

5.5 ಸ್ಥಾನಾಂತರ. ಗೇಟು ಬಂದ ಮೇಲೆ ಉಣುಗೋಲು ಕಂಬಗಳನ್ನು ಎಸೆಯುವುದು ಕಡಿಮೆ. ತೋಡಿನ ಸಂಕಕ್ಕೆ ಹಾಸುಗಲ್ಲಾಗಿ, ಬಚ್ಚಲ ಬಳಿ ಬಟ್ಟೆ ಒಗೆಯುವ ಕಲ್ಲಾಗಿ, ಹಟ್ಟಿಯ ಹೊಸ್ತಿಲಾಗಿ ಅವು ಮತ್ತೆ ಕಾಣಿಸಿಕೊಳ್ಳುತ್ತವೆ. ಆವರಣವೊಂದರ ಹಿಂದಿನ ರೂಪ ತಿಳಿಯಬೇಕಾದರೆ ಪ್ರವೇಶದಲ್ಲಿ ಇರುವುದನ್ನು ಮಾತ್ರವಲ್ಲ, ಹಿತ್ತಿಲಲ್ಲಿ ಮಲಗಿರುವುದನ್ನೂ ನೋಡಬೇಕು. ತೂತಿರುವ ಹಾಸುಗಲ್ಲು ಕಂಡಾಗ ಅದರ ತೂತುಗಳ ನಡುವಣ ಅಂತರ ಬರೆದಿಟ್ಟುಕೊಂಡರೆ, ಜೋಡಿ ಇನ್ನೆಲ್ಲೋ ಸಿಕ್ಕಾಗ ಹೊಂದಿಸಿ ನೋಡಬಹುದು.

6. ಕಟ್ಟಿದ ಕಂಬ ಮತ್ತು ಗೇಟು

ಮುರಕಲ್ಲಿನಿಂದ ಚೌಕವಾಗಿ ಕಟ್ಟಿ, ಸುಣ್ಣದ ಸಾರಣೆ ಮಾಡಿ, ತಲೆಯ ಮೇಲೆ ಕಳಸವನ್ನೋ ಉಂಡೆಯನ್ನೋ ಕೂತ ಸಿಂಹವನ್ನೋ ಇಟ್ಟ ಕಂಬ ಬೇರೆ ಜಾತಿಯದು. ಇದು ಬಿಜಾಗರಿಯ ಮೇಲೆ ತಿರುಗುವ ಗೇಟಿಗಾಗಿ ಮಾಡಿದ್ದು. ಮಿಶನ್ ಆವರಣಗಳು, ಇಗರ್ಜಿಗಳು, ಸರಕಾರಿ ಬಂಗಲೆಗಳು ಇದರ ಮಾದರಿ ಒದಗಿಸಿರಬಹುದೆಂಬ ಅಭಿಪ್ರಾಯ ಸಮಂಜಸವಾಗಿದೆ. ನೇರ ಸಂಬಂಧವನ್ನು ಒಂದೊಂದು ಊರಿಗೆ ಬೇರೆಯಾಗಿಯೇ ತೋರಿಸಬೇಕಾಗುತ್ತದೆ. ಬಾಸೆಲ್ ಮಿಶನ್ನಿನ ಸಂಗ್ರಹದ ಹಳೆಯ ಛಾಯಾಚಿತ್ರಗಳು ಇದಕ್ಕೆ ಉಪಯುಕ್ತ. ಅವುಗಳಲ್ಲಿ ಅನೇಕದರ ಕಾಲ ಒಂದು ವರ್ಷವಲ್ಲ, ಇಂತಿಷ್ಟರಿಂದ ಇಂತಿಷ್ಟರವರೆಗೆ ಎಂಬ ಅವಧಿ. ಉಲ್ಲೇಖಿಸುವಾಗ ಎರಡು ತುದಿಗಳನ್ನೂ ಕೊಡಬೇಕು.

ಗೋಡೆಗೂ ಇಂಥ ಕಂಬಕ್ಕೂ ನಡುವೆ ನೇರ ಸಂದು ಇರುವುದೇ ಹೆಚ್ಚು. ಕಂಬ ಗೋಡೆಗಿಂತ ದಪ್ಪ, ಎತ್ತರ. ಅದನ್ನು ಕಟ್ಟಲು ಗೋಡೆಯ ತುದಿಯನ್ನು ತುಸು ಕೆಡವಿರುತ್ತಾರೆ. ಹಾಗೆ ಕೆಡವಿದ ಕಡೆ ಮುರಿದ ಕಲ್ಲಿನ ತುಂಡುಗಳನ್ನು ಸಂದಿಗೆ ತುರುಕಿ ಸಾರಣೆ ಎಳೆದಿರುವುದು ಸಾರಣೆ ಉದುರಿದಾಗ ಗೋಚರಿಸುತ್ತದೆ. ಪ್ರವೇಶದ ಅಗಲವೂ ಸಹಾಯಕ. ಆಳು ಮತ್ತು ದನಕ್ಕೆ ಸಾಕಾದ ಅಗಲ, ಎತ್ತಿನಗಾಡಿಗೆ ಬೇಕಾದ ಅಗಲ, ಮೋಟಾರು ವಾಹನಕ್ಕೆ ಬೇಕಾದ ಅಗಲ ಎಂಬ ಮೂರು ಹಂತ ಕಾಣುವುದುಂಟು. ಆದರೆ ಗದ್ದೆಯ ನಡುವಣ ಮನೆಗೆ ಗಾಡಿದಾರಿಯೇ ಇಲ್ಲದೆ ಕಾಲುದಾರಿಯಿಂದ ನೇರ ಮೋಟಾರು ರಸ್ತೆಗೆ ಜಿಗಿದ ಉದಾಹರಣೆ ಸಾಕಷ್ಟಿರುವುದರಿಂದ ಹಂತಗಳನ್ನು ಕಡ್ಡಾಯವೆಂದು ತಿಳಿಯಬಾರದು.

7. ಇಸವಿ ಮತ್ತು ಮುದ್ರೆ

7.1 ಬರೆದ ಇಸವಿ. ಕಲ್ಲಿನಲ್ಲಿ ಕೊರೆದ ಇಸವಿಗೂ ಗಾರೆಯಲ್ಲಿ ಉಬ್ಬಿಸಿದ ಇಸವಿಗೂ ಸಾಕ್ಷ್ಯಬಲ ಒಂದೇ ಅಲ್ಲ. ಗಾರೆ ಉದುರುತ್ತದೆ, ಮತ್ತೆ ಎಳೆಯುತ್ತಾರೆ. ಹಳೆಯ ಇಸವಿಯನ್ನು ಕಣ್ಣಳತೆಯಲ್ಲಿ ನಕಲು ಮಾಡುವುದೋ, ದುರಸ್ತಿಯ ಇಸವಿ ಹಾಕುವುದೋ ಮನೆಯವರ ಇಷ್ಟ. ಕನ್ನಡ ಅಂಕಿಗಳಲ್ಲಿ ೬ ಮತ್ತು ೯ ಹಲವು ಪದರ ಸುಣ್ಣ ಬಳಿದ ಮೇಲೆ ಬೇರ್ಪಡಿಸಲಾಗದಷ್ಟು ಹತ್ತಿರವಾಗುತ್ತವೆ. ೧೮೬೯ ಎಂದು ಓದಿದ್ದು ೧೮೬೬, ೧೮೯೬, ೧೮೯೯ ಯಾವುದೂ ಆಗಬಹುದು. ಮೂವತ್ತಮೂರು ವರ್ಷಗಳ ಹರವು. ಓರೆ ಬೆಳಕಿನಲ್ಲಿ ತೆಗೆದ ಛಾಯಾಚಿತ್ರವಿಲ್ಲದೆ ಇಂಥ ಓದನ್ನು ಪ್ರಕಟಿಸದಿರುವುದು ಒಳ್ಳೆಯದು.

7.2 ಶಕ ಮತ್ತು ಸಂವತ್ಸರ. ಶಕವರ್ಷಕ್ಕೆ 78 ಕೂಡಿಸುವ ಸೂತ್ರ ಸ್ಥೂಲವಾಗಿ ಸರಿ. ಶಕ 1802, ವಿಕ್ರಮ ಸಂವತ್ಸರ ಎಂದಿದ್ದರೆ ಅದು 1880–81. ಶಕವಿಲ್ಲದೆ ವಿಕ್ರಮ ಸಂವತ್ಸರ ಎಂದಷ್ಟೇ ಇದ್ದರೆ 1820–21, 1880–81, 1940–41 ಮೂರೂ ಸಾಧ್ಯ. ಆಯ್ಕೆ ಬೇರೆ ಆಧಾರದಿಂದಲೇ ಆಗಬೇಕು. ತುಳುನಾಡಿನಲ್ಲಿ ಇನ್ನೊಂದು ತೊಡಕಿದೆ. ಅಲ್ಲಿನ ವರ್ಷ ಸೌರಮಾನದ್ದು, ಏಪ್ರಿಲ್ ನಡುವಿನ ಬಿಸುವಿನಿಂದ ಆರಂಭ. ಚಾಂದ್ರಮಾನದ ಯುಗಾದಿ ಬಹುತೇಕ ಆ ವರ್ಷದ ಕೊನೆಯ ತಿಂಗಳಾದ ಸುಗ್ಗಿಯೊಳಗೇ ಬರುತ್ತದೆ. ಹೀಗಾಗಿ ಸುಗ್ಗಿ ತಿಂಗಳ ಉತ್ತರಾರ್ಧದ ದಿನಾಂಕಕ್ಕೆ ಚಾಂದ್ರಮಾನಿ ಬರೆಹಗಾರ ಹೊಸ ಸಂವತ್ಸರವನ್ನೂ ಸೌರಮಾನಿ ಹಳೆಯದನ್ನೂ ಹಾಕಿರಬಹುದು. ಕಲ್ಲುಗೆಲಸ ನಡೆಯುವುದು ಮಳೆಗೆ ಮುಂಚಿನ ಒಣತಿಂಗಳುಗಳಲ್ಲಿ ಆದ್ದರಿಂದ ಇದು ಕೇವಲ ಸೈದ್ಧಾಂತಿಕ ಶಂಕೆಯಲ್ಲ.

7.3 ಹಂಚಿನ ಮುದ್ರೆ. ಮಳೆನೀರು ಇಳಿಯದಂತೆ ಗೋಡೆಯ ನೆತ್ತಿಗೆ ಹಿಂದೆ ಮುಳಿಹುಲ್ಲು, ಮಡಲು; ಅನಂತರ ಎರಡಿಳಿಜಾರಿನ ಹಂಚು. ಹಂಚಿನ ಬೆನ್ನಿನ ಮುದ್ರೆಯಲ್ಲಿ ಇಸವಿ ಇರುವುದರಿಂದ ಅದನ್ನು ಕಾಲನಿರ್ಣಯಕ್ಕೆ ಬಳಸುವ ಆಸೆ ಸಹಜ. 1865 ಎಂದು ಮುದ್ರೆಯಿರುವ ಬಾಸೆಲ್ ಮಿಶನ್ ಹಂಚನ್ನು 1865ರ ಹಂಚೆಂದು ಓದುವುದು ಇಂಥ ಬರಹಗಳಲ್ಲಿ ಮತ್ತೆ ಮತ್ತೆ ಕಾಣುವ ದೋಷ. 1865 ಎಂಬುದು ಮಿಶನ್ನಿನ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಕಾರ್ಖಾನೆ ಆರಂಭಿಸಿದ ವರ್ಷ. ಅದು ಸಂಸ್ಥೆಯ ಗುರುತಾಗಿ ಮುಂದೆಯೂ ಅಚ್ಚಿನಲ್ಲಿ ಉಳಿಯಿತು. ಅಲ್ಬುಕರ್ಕ್ ಹಂಚಿನ 1868ರದೂ ಇದೇ ಕಥೆ. ತಯಾರಿಕೆಯ ವರ್ಷಕ್ಕೆ ಹೆಚ್ಚು ಉಪಯುಕ್ತವಾದದ್ದು ಊರಿನ ಹೆಸರು ಮತ್ತು ಮಾಲಿಕರ ಹೆಸರು. ಮಲ್ಪೆಯ ಕಾರ್ಖಾನೆ 1886ರದು, ಆದ್ದರಿಂದ ಮಲ್ಪೆ ಎಂದಿರುವ ಮಿಶನ್ ಹಂಚು ಅದಕ್ಕೂ ಹಿಂದಿನದಾಗಲಾರದು. ಮೊದಲ ಮಹಾಯುದ್ಧದ ನಂತರ ಮಿಶನ್ನಿನ ಉದ್ಯಮ ಕಾಮನ್‌ವೆಲ್ತ್ ಟ್ರಸ್ಟಿಗೆ ಹೋಯಿತು; ಆ ಹೆಸರಿನ ಹಂಚಿಗೆ 1919 ಪೂರ್ವಮಿತಿ.

ಇಷ್ಟಾದರೂ ಹಂಚು ಹೇಳುವುದು ತನ್ನ ಕಾಲವನ್ನೇ. ಮನೆಯ ಮಾಡಿನಿಂದ ತೆಗೆದ ಹಳೆಯ ಹಂಚು ಪಾಗಾರದ ನೆತ್ತಿಗೆ ಹೋಗಿದ್ದರೆ ಹಂಚು ಗೋಡೆಗಿಂತ ಹಿರಿಯದು. ಒಡೆದ ಹಂಚಿನ ಬದಲು ಹಾಕಿದ್ದಾದರೆ ಕಿರಿಯದು. ಗೋಡೆಯ ಒಳವರಸೆಯಲ್ಲಿ ಗಾರೆಯೊಳಗೆ ಮುದ್ರೆಸಹಿತ ಹಂಚಿನ ಚೂರು ಹುದುಗಿದ್ದರೆ ಮಾತ್ರ ಆ ವರಸೆಗೆ ಮತ್ತು ಅದರ ಮೇಲಿನವುಗಳಿಗೆ ಪೂರ್ವಮಿತಿ ದೊರೆಯುತ್ತದೆ. ಸಮತಟ್ಟು ಮಾಡಲು ಹಂಚಿನ ಚೂರು ಬಳಸುವುದು ಮೇಸ್ತ್ರಿಗಳ ವಾಡಿಕೆಯಾದ್ದರಿಂದ ಇದು ಅಷ್ಟೇನೂ ವಿರಳವಲ್ಲ.

8. ಕಾಗದಪತ್ರಗಳು

8.1 ಮೂಲಗೇಣಿ, ಪಾಲುಪಟ್ಟಿ, ಕ್ರಯಪತ್ರಗಳ ಚಕ್ಕುಬಂದಿಯಲ್ಲಿ ನಾಲ್ಕು ದಿಕ್ಕಿನ ಗಡಿ ಹೇಳುವಾಗ ಪಾಗಾರ, ಅಗಳು, ಧರೆ, ತೋಡುಗಳ ಉಲ್ಲೇಖ ಬರುತ್ತದೆ. ನೋಂದಣಿ ಕಾಯಿದೆಗಳು 1864ರಿಂದ ಆರಂಭವಾಗುವುದರಿಂದ ಅಲ್ಲಿಂದೀಚೆಗೆ ನೋಂದಣಿ ಕಚೇರಿಯ ನಕಲು ಸಿಗುವ ಸಂಭವವಿದೆ. ಹಿಂದಿನವು ಮನೆತನಗಳ ಪೆಟ್ಟಿಗೆಗಳಲ್ಲಿ. ಬಳಕೆಯಲ್ಲಿ ಎರಡು ಎಚ್ಚರಿಕೆ. ಚಕ್ಕುಬಂದಿಯನ್ನು ಹಿಂದಿನ ಪತ್ರದಿಂದ ಅಕ್ಷರಶಃ ಎತ್ತಿಕೊಳ್ಳುವುದೇ ರೂಢಿ. ಹೀಗಾಗಿ 1930ರ ಪತ್ರದ ಪಾಗಾರ 1870ರ ಪತ್ರದ ವಾಕ್ಯವಿರಬಹುದು, ಆಗ ಗೋಡೆ ಇತ್ತೋ ಬಿದ್ದಿತ್ತೋ ತಿಳಿಯದು. ಜೊತೆಗೆ ಮಣ್ಣಿನದೇ ಕಲ್ಲಿನದೇ ಎಂಬುದು ಪಾಗಾರ ಎಂಬ ಮಾತಿನಿಂದ ಹೊರಡುವುದಿಲ್ಲ. ಒಂದೇ ಆಸ್ತಿಯ ಎರಡು ಪತ್ರಗಳ ನಡುವೆ ಅಗಳು ಎಂಬುದು ಪಾಗಾರ ಎಂದು ಬದಲಾಗಿದ್ದರೆ ಮಾತ್ರ ಅದು ಹೊಸ ಅವಲೋಕನವೆಂದು ತೆಗೆದುಕೊಳ್ಳಬಹುದು.

8.2 ಅಳಿಯಸಂತಾನದ ಕುಟುಂಬಗಳಲ್ಲಿ ಎಲ್ಲರ ಒಪ್ಪಿಗೆಯಿಲ್ಲದೆ ಪಾಲಾಗುವಂತಿರಲಿಲ್ಲ. 1949ರ ಮದರಾಸು ಅಳಿಯಸಂತಾನ ಕಾಯಿದೆ ಕವರುಗಳಿಗೆ, ಅಂದರೆ ಕುಟುಂಬದ ಕವಲುಗಳಿಗೆ, ಪಾಲು ಕೇಳುವ ಹಕ್ಕು ಕೊಟ್ಟಿತು. ಹಳೆಯ ದೊಡ್ಡ ಆವರಣವನ್ನು ಅಡ್ಡಕ್ಕೆ ಸೀಳುವ, ಎರಡೂ ತುದಿಗಳಲ್ಲಿ ನೇರ ಸಂದು ತೋರುವ ಗೋಡೆಗಳಲ್ಲಿ ಒಂದು ಭಾಗ ಈ ಪಾಲುಗಳ ಫಲವಾಗಿರಬಹುದು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯ ನಂತರ ಒಕ್ಕಲುಗಳು ತಮ್ಮದಾದ ಜಾಗಕ್ಕೆ ಗೋಡೆ ಹಾಕಿಕೊಂಡದ್ದು ಇನ್ನೊಂದು ಭಾಗ. ಎರಡನ್ನೂ ಕಲ್ಲಿನಿಂದ ಬೇರ್ಪಡಿಸುವುದು ಕಷ್ಟ, ಪತ್ರದಿಂದ ಸುಲಭ.

8.3 ಗೋಡೆಯ ಸಾಲು ಮತ್ತು ಸರ್ವೆಯ ಗಡಿ ಒಂದೇ ಎಂದು ಭಾವಿಸಬಾರದು. ದಕ್ಷಿಣ ಕನ್ನಡದಲ್ಲಿ ವರ್ಗಭೂಮಿಗೆ ತಾಗಿದ 100 ಗಜದೊಳಗಿನ ಸರಕಾರಿ ಜಾಗದಲ್ಲಿ ವರ್ಗದಾರನಿಗೆ ಕುಮ್ಕಿ ಸೌಲಭ್ಯ ಉಂಟು. ಅದಕ್ಕೆ ಅರ್ಹತೆಯ ಗಡುವು ಫಸಲಿ 1276, ಅಂದರೆ 1866–67. ಪಾಗಾರ ಬಾಂದುಕಲ್ಲಿಗಿಂತ ಹೊರಗೆ ಹೋಗಿದ್ದರೆ ಅದು ಅತಿಕ್ರಮಣವೋ, ಸರ್ವೆಗಿಂತ ಹಳೆಯ ರೂಢಿಯ ಗಡಿಯೋ, ಕುಮ್ಕಿಯನ್ನು ಒಳಗೊಳ್ಳುವ ಯತ್ನವೋ ಎಂಬ ಮೂರು ವಿವರಣೆಗಳೂ ತೆರೆದಿರುತ್ತವೆ. ಅತಿಕ್ರಮಣವನ್ನೇ ಮೊದಲು ಊಹಿಸುವುದು ಕಂದಾಯ ಕಚೇರಿಯ ಅಭ್ಯಾಸ, ಸಂಶೋಧಕನದಾಗಬೇಕಿಲ್ಲ.

9. ಅಳತೆಯ ದಾಖಲೆ

ಮೇಸ್ತ್ರಿಗಳ ಲೆಕ್ಕದಲ್ಲೂ ಹಳೆಯ ಪತ್ರಗಳಲ್ಲೂ ಅಳತೆ ಕೋಲಿನಲ್ಲಿ ಬರುವುದುಂಟು. ವಾಸ್ತುವಿನ ಬರಹಗಳಲ್ಲಿ 24 ಅಂಗುಲದ ಕೋಲನ್ನು ಸುಮಾರು 72 ಸೆಂ.ಮೀ. ಎಂದು ಹಿಡಿಯುತ್ತಾರೆ. ಬಾವಿಯ ಆಳ ಹೇಳುವಾಗ ಕರಾವಳಿಯಲ್ಲಿ ಬಳಸುವ ಕೋಲು ಎರಡೂವರೆ ಅಡಿ, ಅಂದರೆ 76 ಸೆಂ.ಮೀ.ಗೆ ಸ್ವಲ್ಪ ಮೇಲೆ. ಪತ್ರದಲ್ಲಿ ನಾಲ್ಕು ಕೋಲಿನ ಪ್ರವೇಶ ಎಂದಿದ್ದರೆ ಮೊದಲ ಲೆಕ್ಕದಲ್ಲಿ 288 ಸೆಂ.ಮೀ., ಎರಡನೆಯದರಲ್ಲಿ ಸುಮಾರು 305 ಸೆಂ.ಮೀ.; ಹದಿನೇಳು ಸೆಂಟಿಮೀಟರಿನ ಅಂತರ. ಈಗಿನ ಪ್ರವೇಶ 300 ಸೆಂ.ಮೀ. ಇದ್ದರೆ ಅದು ಪತ್ರದ ಪ್ರವೇಶವೇ ಅಥವಾ ಒಡೆದು ಹಿಗ್ಗಿಸಿದ್ದೇ ಎಂಬುದು ಯಾವ ಕೋಲು ಎಂಬುದರ ಮೇಲೆ ನಿಲ್ಲುತ್ತದೆ. ಸ್ಥಳದ ಅಳತೆಯನ್ನು ಸೆಂಟಿಮೀಟರಿನಲ್ಲಿ, ಕಂಬಗಳ ಒಳಮುಖದಿಂದ ಒಳಮುಖಕ್ಕೆ, ಸಾರಣೆ ಬಿಟ್ಟು ಕಲ್ಲಿಗೆ ಹಿಡಿದು ತೆಗೆದುಕೊಳ್ಳಬೇಕು. ಪತ್ರದ ಕೋಲನ್ನು ಪರಿವರ್ತಿಸದೆ ಇದ್ದಂತೆಯೇ ಪಕ್ಕದಲ್ಲಿ ಬರೆಯಬೇಕು. ಸಾರಣೆ ಉದುರದ ಕಂಬದಲ್ಲಿ ಕಲ್ಲಿನ ಮುಖ ಸಿಗದಿದ್ದರೆ ಸಾರಣೆಸಹಿತ ಅಳತೆ ಎಂದು ನಮೂದಿಸಿದರಾಯಿತು. ಪದರದ ದಪ್ಪವನ್ನು ಅಂದಾಜಿನಲ್ಲಿ ಕಳೆಯಬಾರದು.